ತಂತಿ ಬೇಲಿಯೊಳಗಿನ ಹುಲ್ಲು

ದೆವ್ವ, ಗಾಳಿ, ಸೋಂಕು ಇವನ್ನೆಲ್ಲ ನಾನು ನಂಬಿದವನಲ್ಲ. ಜಮಖಂಡಿಯ ನಮ್ಮ ಓಣಿಯ ಹುಣಸೆಮರದ ಬಗ್ಗೆ ಹತ್ತಾರು ಕಥೆಗಳಿದ್ದವು. ನಾನು ಅದೇ ಮರದ ಬುಡದಲ್ಲಿ ಕೂತು ಪರೀಕ್ಷೆಗೆ ಓದಿದವನು. ಸಸ್ಯಶಾಸ್ತ್ರ ಕಲಿತ ಮೇಲಂತೂ ಕಾರಣವಿಲ್ಲದೆ ಒಂದು ಎಲೆಯೂ ಅಲುಗುವುದಿಲ್ಲ ಎಂದು ಎಲ್ಲರೆದುರು ಹೇಳುತ್ತಿದ್ದೆ. ಈಗ ಬರೆಯುತ್ತಿರುವುದನ್ನು ಓದಿ ನೀವು ನಕ್ಕರೆ ನನಗೆ ಬೇಸರವಿಲ್ಲ. ಬೇರೆ ಯಾರಾದರೂ ಹೇಳಿದ್ದರೆ ನಾನೂ ನಗುತ್ತಿದ್ದೆ.

ಆಗ ನಮ್ಮ ಸೀಮೆ ಮುಂಬಯಿ ರಾಜ್ಯದಲ್ಲಿತ್ತು. ಸಂಸ್ಥಾನ ಹೋಗಿ ಕೆಲವೇ ವರ್ಷಗಳಾಗಿದ್ದವು. ಬೀಳಗಿ ಕಡೆಯ ಗುಡ್ಡಗಳಲ್ಲಿ ಹುಲ್ಲು ಕಮ್ಮಿಯಾಗುತ್ತಿದೆ ಎಂದು ಸರಕಾರ ಒಂದು ಸಣ್ಣ ಪ್ರಯೋಗ ಶುರು ಮಾಡಿತ್ತು. ಒಂದು ಇಳಿಜಾರಿಗೆ ತಂತಿ ಬೇಲಿ ಹಾಕಿ, ದನ ಕುರಿ ಯಾವುದನ್ನೂ ಬಿಡದೆ, ಗಿಡಗಳು ಹೇಗೆ ಬದಲಾಗುತ್ತವೆಂದು ನೋಡುವುದು. ಯಾವ ಗಿಡ ಯಾವುದರ ಜೊತೆ ಬೆಳೆಯುತ್ತದೆ, ಯಾವುದು ಹೋಗುತ್ತದೆ, ಯಾವುದು ಹೊಸದಾಗಿ ಬರುತ್ತದೆ ಎಂದು ಗಮನಿಸುವ ಕೆಲಸ ನನ್ನದು.

ಹೊರಗಿನಿಂದ ನೋಡಿದರೆ ಗುಡ್ಡವೆಲ್ಲ ಒಂದೇ ಹಸಿರು. ಆದರೆ ಕುರಿ ಮೇಯುವ ನೆಲದ ಸಂಸಾರವೇ ಬೇರೆ. ಅಲ್ಲಿ ಎತ್ತರದ ಹುಲ್ಲು ಸೋಲುತ್ತದೆ, ನೆಲಕ್ಕಂಟಿ ಬೆಳೆಯುವ ಕರಿಕೆ ಗೆಲ್ಲುತ್ತದೆ. ಕುರಿ ಬಾಯಿ ಹಾಕದ ತಂಗಡಿ ಹಬ್ಬುತ್ತದೆ. ಉತ್ತರಾಣಿಯ ಚುಚ್ಚುವ ಬೀಜ ಉಣ್ಣೆಗೆ ಅಂಟಿಕೊಂಡು ಗುಡ್ಡದಿಂದ ಗುಡ್ಡಕ್ಕೆ ಹೋಗುತ್ತದೆ. ಜಾಲಿಕಾಯಿ ತಿಂದ ಕುರಿಯ ಹಿಕ್ಕೆಯೊಡನೆ ಬಿದ್ದ ಬೀಜ ಬೇಗ ಮೊಳೆಯುತ್ತದೆ. ಬೇಲಿ ಹಾಕಿದ ಮೂರನೆಯ ಮಳೆಗಾಲದ ಹೊತ್ತಿಗೆ ಒಳಗೆ ಹುಲ್ಲು ಸೊಂಟದೆತ್ತರ ನಿಂತಿತ್ತು. ಉತ್ತರಾಣಿ ಇಲ್ಲವೇ ಇಲ್ಲ ಎನ್ನುವಂತಾಗಿತ್ತು. ಹೊಸ ಜಾಲಿಸಸಿ ಒಂದೂ ಇರಲಿಲ್ಲ.

ಬೇಲಿ ಕಾಯಲು ಇದ್ದವನು ಸಿದ್ದಪ್ಪಜ್ಜ. ಬೀರೇಶ್ವರನ ಒಕ್ಕಲಿನ ಕುರುಬ. ಬೇಲಿಯೊಳಗೆ ಸೇರಿದ ಇಳಿಜಾರಿನಲ್ಲೇ ಅವನು ಹುಡುಗನಾಗಿದ್ದಾಗಿನಿಂದ ಕುರಿ ಮೇಯಿಸಿದ್ದ. ಬೇಲಿ ಬರುವುದಕ್ಕೆ ಹಿಂದಿನ ಮಳೆಗಾಲದಲ್ಲಿ ಬೇನೆ ಬಂದು ಅವನ ಹಿಂಡು ಒಂದೂ ಉಳಿಯದಂತೆ ಸತ್ತುಹೋಯಿತು. ಹೊಟ್ಟೆಪಾಡಿಗೆ ಈ ಕಾವಲು ಒಪ್ಪಿಕೊಂಡ. ಮಾತು ಕಡಿಮೆ. ಬೇರೆಯವರ ಕುರಿ ಬೇಲಿಯ ಹತ್ತಿರ ಬಂದರೆ ಕೈಯಾಡಿಸಿ ಅತ್ತ ಕಳಿಸುತ್ತಿದ್ದ, ಅವುಗಳ ಕಡೆ ಸರಿಯಾಗಿ ನೋಡುತ್ತಲೂ ಇರಲಿಲ್ಲ. ಅವನ ಹೆಂಡತಿ ಮಾಯವ್ವ ಒಮ್ಮೆ ನನ್ನೊಡನೆ, "ಕುರಿ ಸತ್ತಾಗ ಅತ್ತಿಲ್ರಿ ನಮ್ಮವರು. ಇವತ್ತಿಗೂ ಅತ್ತಿಲ್ಲ. ಅತ್ತಿದ್ರ ಛಲೋ ಇತ್ತು," ಎಂದಿದ್ದಳು.

ದೀಪಾವಳಿ ಮುಗಿದು ಹುಲ್ಲು ಬಲಿತಿತ್ತು. ಮರುದಿನ ಪುಣೆಯಿಂದ ದೊಡ್ಡ ಸಾಹೇಬರು ಬೇಲಿ ನೋಡಲು ಬರುವವರಿದ್ದರು. ನಾನು ಮುಂಚಿತವಾಗಿ ಹೋಗಿ ಅಜ್ಜನ ಜೊತೆ ಬೇಲಿಯ ಸುತ್ತ ಒಂದು ಸುತ್ತು ಬಂದೆ. ತಂತಿ ಎಲ್ಲೂ ಸಡಿಲಿರಲಿಲ್ಲ. ಗೇಟಿಗೆ ಬೀಗವಿತ್ತು. ಒಳಗೆ ಹುಲ್ಲು ಎಲ್ಲ ಕಡೆ ಇಡಿಯಾಗಿ ನಿಂತಿತ್ತು. ಇದನ್ನು ನಾನು ಕಣ್ಣಾರೆ ನೋಡಿದ್ದೇನೆ. ಆಮೇಲೆ ಇಬ್ಬರೂ ಬೇಲಿಯ ಹೊರಗಿನ ಬೇವಿನ ಮರದಡಿ ಕೂತು ಮಾಯವ್ವ ಕಟ್ಟಿ ಕೊಟ್ಟಿದ್ದ ರೊಟ್ಟಿ, ಪುಂಡಿಪಲ್ಯ ತಿಂದೆವು. ಬಿಸಿಲು ಇಳಿಮುಖವಾಗಿತ್ತು. ಗಾಳಿ ಇರಲಿಲ್ಲ, ಬೇವಿನ ಎಲೆಯೂ ಅಲುಗುತ್ತಿರಲಿಲ್ಲ.

ಮೊದಲು ಸದ್ದು ಕೇಳಿಸಿತು. ದೂರದಲ್ಲಿ ಮಳೆ ಬರುತ್ತಿದೆ ಎಂದುಕೊಂಡೆ. ಮೇಯುವ ಹಿಂಡಿನ ಹತ್ತಿರ ಕೂತವರಿಗೆ ಆ ಸದ್ದು ಗೊತ್ತಿರುತ್ತದೆ: ನೂರಾರು ಬಾಯಿಗಳು ಒಟ್ಟಿಗೆ ಹುಲ್ಲು ಹರಿಯುವ ಕರಕರ ಸದ್ದು. ಇಳಿಜಾರಿನ ಕೆಳಗೆ ಹುಲ್ಲು ಇಬ್ಭಾಗವಾಯಿತು. ಹಾಗೆ ಸೀಳಿಕೊಳ್ಳುತ್ತ ಮೇಲೆ ಬರತೊಡಗಿತು. ಗಾಳಿ ಬೀಸಿದಂತೆ ಒಂದೇ ಸಮನೆ ಅಲ್ಲ. ಅಂಚುಗಳು ಹರಡುತ್ತಿದ್ದವು, ಮತ್ತೆ ಕೂಡುತ್ತಿದ್ದವು. ಒಂದು ಕಡೆ ಸ್ವಲ್ಪ ಹಿಂದುಳಿದು, ಆಮೇಲೆ ಅವಸರದಿಂದ ಬಂದು ಸೇರಿಕೊಳ್ಳುತ್ತಿತ್ತು. ನಾನು ಎದ್ದು ಹೋಗಿ ತಂತಿ ಹಿಡಿದು ನಿಂತೆ. ನನ್ನಿಂದ ಒಂದು ಮಾರು ದೂರದಲ್ಲಿ ಒಂದು ಬುಡ ಹುಲ್ಲು ಜಗ್ಗಿತು, ಮತ್ತೊಮ್ಮೆ ಜಗ್ಗಿತು, ತುಂಡಾಯಿತು. ತುಂಡಾದ ಭಾಗ ನೆಲಕ್ಕೆ ಬೀಳಲಿಲ್ಲ. ಪಕ್ಕದಲ್ಲೇ ಇದ್ದ ತಂಗಡಿ ಗಿಡದ ಒಂದು ಎಲೆಯನ್ನೂ ಏನೂ ಮುಟ್ಟಲಿಲ್ಲ.

ಅಜ್ಜ ಹೆದರಿರಬೇಕೆಂದು ತಿರುಗಿ ನೋಡಿದೆ. ಅವನು ಕಂಬಳಿ ಹೆಗಲಿಗೆ ಹಾಕಿಕೊಂಡು ನನ್ನ ಪಕ್ಕಕ್ಕೆ ಬಂದು ನಿಂತಿದ್ದ. ನಾಲಿಗೆ ಮಡಿಸಿ, ಕುರುಬರು ಹಿಂಡಿಗೆ ಕೂಗುವಂತೆ, ಸಣ್ಣ ದನಿಯಲ್ಲಿ ಒಮ್ಮೆ ಕೂಗಿದ. ಸದ್ದು ನಿಂತಿತು. ಹುಲ್ಲೂ ನಿಂತಿತು. ಒಂದು ಗಳಿಗೆ ಬಿಟ್ಟು ಮತ್ತೆ ಶುರುವಾಯಿತು.

ಏನಿದು ಎಂದು ಕೇಳಿದೆ.

"ಮೇಯ್ಲಿ ಬಿಡ್ರಿ ಸಾಹೇಬ್ರ. ಹಸದಾವ," ಎಂದ ಅಜ್ಜ. ಅವನ ಗಡ್ಡ ತೋಯ್ದಿತ್ತು. ಅವನು ಅಳುತ್ತಿದ್ದ.

ಹೊತ್ತು ಮುಳುಗುವ ಮೊದಲು ಆ ಸೀಳು ಮೇಲಿನ ಮೂಲೆಗೆ ಬಂದು ನಿಂತಿತು. ಬೀಗ ತೆಗೆದು ಒಳಗೆ ಹೋದೆವು. ಕೆಳಗಿನಿಂದ ಮೇಲಿನವರೆಗೆ ಒಂದು ಪಟ್ಟಿ ಹುಲ್ಲು ಗಿಡ್ಡಾಗಿತ್ತು. ತುದಿಗಳು ಹಸಿಯಾಗಿದ್ದವು. ಗೊರಸಿನ ಗುರುತಿಲ್ಲ, ಹಿಕ್ಕೆಯಿಲ್ಲ, ಒಂದು ಎಳೆ ಉಣ್ಣೆಯಿಲ್ಲ. ಮಿಡತೆಯೋ ಇಲಿಯೋ ಎಂದು ಬೆಳಕು ಇರುವಷ್ಟು ಹೊತ್ತು ಹುಡುಕಿದೆ. ಮಿಡತೆ ಬಂದಿದ್ದರೆ ಕಣ್ಣಿಗೆ ಬೀಳುತ್ತಿತ್ತು. ಇಲಿ ಬುಡ ಕಡಿಯುತ್ತದೆ, ತುದಿ ಮೇಯುವುದಿಲ್ಲ.

ಮರುದಿನ ಸಾಹೇಬರು ಬಂದು ಆ ಪಟ್ಟಿಯನ್ನು ನೋಡಿ ಸಿಟ್ಟಾದರು. ಕಾವಲುಗಾರ ಯಾರದೋ ಹಿಂಡನ್ನು ಒಳಗೆ ಬಿಟ್ಟಿದ್ದಾನೆ, ಪೊಲೀಸರಿಗೆ ಒಪ್ಪಿಸಬೇಕು ಎಂದು ಮರಾಠಿಯಲ್ಲಿ ಕೂಗಾಡಿದರು. ನಾನು ಇಲ್ಲೇ ಇದ್ದೆ, ಯಾವ ಕುರಿಯೂ ಬರಲಿಲ್ಲ ಎಂದೆ. ಕಂಡದ್ದನ್ನೆಲ್ಲ ಹೇಳಿದೆ. ಹೇಳುವಾಗಲೇ ನನ್ನ ನೌಕರಿಗೆ ಇದರಿಂದ ಒಳ್ಳೆಯದಾಗುವುದಿಲ್ಲ ಎಂದು ಗೊತ್ತಿತ್ತು. ಅವರು ನನ್ನನ್ನು ಬಹಳ ಹೊತ್ತು ನೋಡಿ, ಜ್ವರ ಬಂದಿತ್ತೇ ಎಂದು ಕೇಳಿದರು. ಆಮೇಲೆ ಅಜ್ಜನ ಕಡೆ ತಿರುಗಿದರು. ತನಗೇನೂ ಗೊತ್ತಿಲ್ಲ ಎಂದಿದ್ದರೆ ಅವನ ಕೆಲಸ ಉಳಿಯುತ್ತಿತ್ತೇನೋ.

"ನನ್ನ ಕುರಿನ ಮೇದಾವ್ರಿ. ನಾ ತಡೀಲಿಲ್ಲ," ಎಂದ ಅಜ್ಜ.

ನಿನ್ನ ಕುರಿ ಎಲ್ಲಿವೆ ಎಂದು ಸಾಹೇಬರು ನನ್ನ ಮೂಲಕ ಕೇಳಿಸಿದರು.

"ಇಲ್ರಿ. ಸತ್ತಾವು."

ನನ್ನ ಮಾತಿನಿಂದಲೋ ಏನೋ, ಸಾಹೇಬರು ಪೊಲೀಸರ ಮಾತು ಅಲ್ಲಿಗೇ ಬಿಟ್ಟರು. ಅಜ್ಜನ ಕೆಲಸ ಮಾತ್ರ ಹೋಯಿತು. ಗಂಡ ಹೆಂಡತಿ ಇಬ್ಬರೂ ಗಂಟು ಕಟ್ಟಿಕೊಂಡು ಹೊಳೆದಂಡೆಯ ಅನಗವಾಡಿಗೆ, ಮಾಯವ್ವನ ತಮ್ಮನ ಮನೆಗೆ ಹೋದರು. ಮುಂದಿನ ಮಳೆ ಕಳೆದ ಮೇಲೆ ನನ್ನನ್ನೂ ಬೇರೆ ಕಡೆಗೆ ಹಾಕುವುದೆಂದು ತೀರ್ಮಾನವಾಯಿತು.

ಹೋಗುವ ಮೊದಲು ಕೊನೆಯ ಸಲ ಗುಡ್ಡಕ್ಕೆ ಹೋದೆ. ಮಳೆ ಚೆನ್ನಾಗಿ ಬಿದ್ದಿತ್ತು. ಬೇಲಿಯೊಳಗೆ ಎತ್ತರದ ಹುಲ್ಲಿನ ನಡುವೆ ಆ ಪಟ್ಟಿ ಬೇರೆಯಾಗಿ ಕಾಣುತ್ತಿತ್ತು. ಕರಿಕೆ ಹಬ್ಬಿತ್ತು. ಉದ್ದಕ್ಕೂ ಉತ್ತರಾಣಿ ಎದ್ದಿತ್ತು. ಸೀಳು ಬಂದು ನಿಂತಿದ್ದ ಮೇಲಿನ ಮೂಲೆಯಲ್ಲಿ ಜಾಲಿಸಸಿಗಳು ಗುಂಪು ಗುಂಪಾಗಿ, ಒತ್ತೊತ್ತಾಗಿ ಹುಟ್ಟಿದ್ದವು. ಕುರಿ ರಾತ್ರಿ ಮಲಗಿ ಹಿಕ್ಕೆ ರಾಶಿ ಬಿದ್ದ ದೊಡ್ಡಿಯಲ್ಲಿ ಮಾತ್ರ ಹಾಗೆ ಹುಟ್ಟುವುದನ್ನು ನಾನು ನೋಡಿದ್ದೆ. ಹಳೆಯ ಬೀಜ ಮಣ್ಣಿನಲ್ಲಿದ್ದು, ಹುಲ್ಲು ಗಿಡ್ಡಾಗಿ ಬಿಸಿಲು ತಾಗಿದ್ದಕ್ಕೆ ಮೊಳೆತಿರಬಹುದು ಎಂದು ನನಗೆ ನಾನೇ ಹೇಳಿಕೊಂಡೆ. ಉತ್ತರಾಣಿಯ ಮಟ್ಟಿಗೆ ಅದು ನಿಜವಿದ್ದರೂ ಇರಬಹುದು. ಆ ಮೂಲೆಯನ್ನು ನೋಡಿದಾಗ ಮಾತ್ರ ಆ ಮಾತು ನನಗೇ ಸಾಲಲಿಲ್ಲ.

ಅಲ್ಲಿಂದ ನೇರವಾಗಿ ಅನಗವಾಡಿಗೆ ಹೋದೆ. ಅಜ್ಜ ಕಟ್ಟೆಯ ಮೇಲೆ ಕೂತು ಯಾರದೋ ಉಣ್ಣೆ ನೂಲುತ್ತಿದ್ದ. ನಾನು ಕಂಡದ್ದನ್ನು ಹೇಳಿದೆ. ಅವನು ಕೈ ನಿಲ್ಲಿಸಿದ.

"ಮ್ಯಾಲಿನ ಮೂಲ್ಯಾಗ ಒತ್ತೊತ್ತಿ ಹುಟ್ಟ್ಯಾವೇನ್ರಿ ಜಾಲಿ?"

ಹೌದೆಂದೆ.

ಅವನು ಒಳಗಿದ್ದ ಹೆಂಡತಿಗೆ ಕೇಳುವಂತೆ, "ಮಾಯವ್ವಾ, ರಾತ್ರಿ ಅಲ್ಲೇ ಮಲಗ್ಯಾವಂತ," ಎಂದ. ಮಾಯವ್ವ ಬಾಗಿಲಿಗೆ ಬಂದು ನನ್ನ ಮುಖ ನೋಡಿದಳು. ಮುಂದಿನ ಮಾತಿಗೆ ಕಾಯುವಂತೆ ನೋಡಿದಳು.

ಆಮೇಲೆ ಬಹಳ ವರ್ಷ ಕಾಲೇಜಿನಲ್ಲಿ ಪಾಠ ಹೇಳಿದೆ. ಮೇಯುವ ನೆಲದಲ್ಲಿ ಗಿಡಗಳು ಹೇಗೆ ಬದಲಾಗುತ್ತವೆಂದು, ಯಾವ ಬೀಜ ಯಾವುದರ ಬೆನ್ನ ಮೇಲೆ, ಯಾವುದರ ಹೊಟ್ಟೆಯಲ್ಲಿ ಬರುತ್ತದೆಂದು ಪ್ರತಿ ವರ್ಷ ವಿವರಿಸಿದೆ. ಅದರಲ್ಲಿ ಒಂದು ಮಾತೂ ಸುಳ್ಳಲ್ಲ. ಆದರೆ ಆ ಮೂಲೆಯ ಜಾಲಿಬೀಜ ಯಾವುದರ ಹೊಟ್ಟೆಯಲ್ಲಿ ಬಂತು ಎಂಬುದು ನನಗೆ ಇಂದಿಗೂ ತಿಳಿದಿಲ್ಲ.