ಬೊಂಡ ನೀರಲ್ಲವಂತೆ

ಸಿಟ್ಟಿನಲ್ಲಿ ಬರೆಯುವಾಗ ನನ್ನ ನೆನಪಿನ ಮೇಲೆ ನನಗೇ ಅನುಮಾನ. ಈ ಬೇಸಗೆ ರಜೆಯಲ್ಲಿ ನಡೆದದ್ದನ್ನು ಆಗಲೇ ನಾಲ್ಕಾರು ಜನರಿಗೆ ಹೇಳಿದ್ದೇನೆ. ಪ್ರತಿ ಸಲವೂ ದೊಡ್ಡಮ್ಮನ ದನಿ ಇನ್ನಷ್ಟು ಗಡುಸಾಗುತ್ತಿದೆ. ಹಾಗಾಗಿ ಖಾತ್ರಿ ಇರುವುದನ್ನು ಮೊದಲು ಬರೆದಿಡುತ್ತೇನೆ.

ತೆಕ್ಕಟ್ಟೆಯಲ್ಲಿರುವ ನನ್ನ ಅಕ್ಕನ ಎರಡೂ ಕಿಡ್ನಿ ಕೆಲಸ ನಿಲ್ಲಿಸಿವೆ. ವಾರಕ್ಕೆ ಎರಡು ಸಲ ಕುಂದಾಪುರಕ್ಕೆ ಹೋಗಿ ಡಯಾಲಿಸಿಸ್ ಮಾಡಿಸಿಕೊಳ್ಳುತ್ತಾಳೆ. ಅದು ಶುರುವಾದ ಮೇಲೆ ಬೇರೆಯವರ ಮನೆಯಲ್ಲಿ ಉಳಿದದ್ದೇ ಇಲ್ಲ. ಈ ರಜೆಯಲ್ಲಿ ಅವಳಿಗೆ ಒಂದೇ ಆಸೆ: ಬೈಂದೂರಿನ ದೊಡ್ಡಮ್ಮನ ಮನೆಯ ಚಾವಡಿಯಲ್ಲಿ ಒಂದು ರಾತ್ರಿ ಎಲ್ಲರ ಜೊತೆ ಮಲಗಿ ಹರಟೆ ಹೊಡೆಯುವುದು. ಎರಡು ಡಯಾಲಿಸಿಸ್‌ಗಳ ನಡುವೆ ಅಷ್ಟಕ್ಕೆ ಜಾಗವಿತ್ತು.

ಡಾಕ್ಟರು ಒಪ್ಪಿದರು. ದಿನದ ನೀರನ್ನು ಒಂದು ಬಾಟಲಿಗೆ ಅಳೆದು ಹಾಕಿ, ಚಹಾ, ಗಂಜಿತಿಳಿ ಎಲ್ಲ ಅದರೊಳಗೇ ಎಂದರು. ತರಕಾರಿ ಬೇಯಿಸಿ ನೀರು ಚೆಲ್ಲಿ. ಮಾವು, ಹಲಸು ಬೇಡ. ಎಳನೀರಂತೂ ಬೇಡವೇ ಬೇಡ. ಅದರ ಪೊಟ್ಯಾಷಿಯಂ ಮೈಯಲ್ಲೇ ಉಳಿದು ಹೃದಯ ನಿಲ್ಲಬಹುದು. ಅಕ್ಕ ಹೊರಡುವ ಮೊದಲೇ, ಬಾಯಾರಿದರೆ ಸಣ್ಣ ಐಸ್ ಚೂರು ಚೀಪಿ ಸುಮ್ಮನಿರುವುದನ್ನು ಅಭ್ಯಾಸ ಮಾಡಿಕೊಂಡಳು. ರಜೆಗೆ ಹೊರಟ ಯಾರೂ ಇಷ್ಟು ತಯಾರಿ ಮಾಡಿರಲಾರರು.

ದೊಡ್ಡಮ್ಮನಿಗೆ ಫೋನ್ ಮಾಡಿ ನಾನು ಎಲ್ಲ ಹೇಳಿದೆ. ನಮ್ಮೂರಲ್ಲಿ ಎಳನೀರು ಅನ್ನುವುದಿಲ್ಲ, ಬೊಂಡ ಅನ್ನುತ್ತೇವೆ. ನಾನು ಯಾವ ಪದ ಬಳಸಿದೆ? ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಆಗ ಪಕ್ಕದಲ್ಲೇ ಕೂತಿದ್ದ ಅಕ್ಕ ಹೇಳುತ್ತಾಳೆ: "ಬೊಂಡ ಅಂದೇ ಹೇಳಿದ್ದೆ ನೀನ್, ನಾ ಕೇಂಡಿದೆ."

ನಾವು ಅಂಗಳಕ್ಕೆ ಕಾಲಿಡುವಾಗ ಬಿಸಿಲು ನೆತ್ತಿಗೆ ಬಂದಿತ್ತು. ದೊಡ್ಡಮ್ಮ ಅಕ್ಕನ ಗಲ್ಲ ಸವರಿ, "ಹೆಣ್ಣೇ, ಒಣ್ಗಿ ಹೋಯ್ದೆ ಅಲೆ! ಕೂಕೋ, ಆಸ್ರಿಗೆ ತತ್ತೆ" ಎಂದರು. ಆಸ್ರಿ ಎಂದರೆ ಬಂದವರ ಬಾಯಾರಿಕೆಗೆ ಕೊಡುವುದು. ಅದನ್ನು ಬೇಡ ಎಂದರೆ ಮನೆಯನ್ನೇ ಬೇಡ ಎಂದ ಹಾಗೆ.

ನಾನು ಚೀಲ ಇಡಲು ಒಳಗೆ ಹೋದೆ. ಹೊರಗೆ ಬಂದಾಗ ಅಕ್ಕನ ಕೈಯಲ್ಲಿ ದೊಡ್ಡ ಸ್ಟೀಲ್ ಲೋಟ, ತಳದಲ್ಲಿ ಸ್ವಲ್ಪ ಉಳಿದಿತ್ತು. ಜಗಲಿಯ ಮೇಲೆ ಕೆತ್ತಿದ ಬೊಂಡಗಳು. ಎರಡು ಎಂದು ನನ್ನ ನೆನಪು, ಅಕ್ಕ ಮೂರು ಎನ್ನುತ್ತಾಳೆ.

"ದೊಡ್ಡಮ್ಮ, ಎಂತ ಮಾಡಿದ್ರಿ ನೀವ್? ಫೋನಂಗೆ ಹೇಳಿದ್ದೆ ಅಲ್ದಾ!"

"ನೀನ್ ಹೇಳಿದ್ದ್ ನೀರ್ ಕೊಡೂದ್ ಬ್ಯಾಡ ಅಂದೇಳಿ. ಬೊಂಡ ನೀರಾ? ಅದ್ ತಂಪ್, ಮದ್ದ್. ನಿಮ್ ಡಾಕ್ಟ್ರ್ ಘಟ್ಟದ್ ಮೇಲಿನರಾ ಎಂತ?"

"ಬೊಂಡವೂ ಬ್ಯಾಡ ಅಂದಿದ್ದೆ."

"ಓದಿದ್ದ್ ಹೆಚ್ಚಾಯ್ತ್ ನಿಂಗೆ. ಬೊಂಡ ಕುಡ್ದ್ ಸತ್ತರ್ ಯಾರಾರೂ ಇದ್ರಾ ಮಾರಾಯ್ತಿ, ಈ ಊರಂಗೆ?"

ಚಾವಡಿಯಲ್ಲಿದ್ದವರೆಲ್ಲ ನಕ್ಕರು. ಅಕ್ಕನೂ ನಕ್ಕಳು.

ಸಂಜೆ ಅಕ್ಕ ಏಳಲು ಹೋಗಿ ಹಾಗೇ ಕೂತುಬಿಟ್ಟಳು. "ಕಾಲಂಗೆ ಜೀವ ಇಲ್ಲೆ" ಎಂದಳು. ದೊಡ್ಡಮ್ಮ, "ಉಷ್ಣ ಆಯ್ದ್, ಇನ್ನೊಂದ್ ಕೆತ್ತುವಾ" ಎಂದರು. ಈ ಮಾತು ನನ್ನ ಸಿಟ್ಟು ಕಟ್ಟಿದ್ದಲ್ಲ. ಕತ್ತಿ ಅವರ ಕೈಯಲ್ಲಿತ್ತು.

ಕಾರಿನಲ್ಲಿ ಕುಂದಾಪುರಕ್ಕೆ ಓಡಿದೆವು. ದಾರಿ ನೆನಪಿಲ್ಲ. ಅಕ್ಕನ ನಾಡಿ ಹಿಡಿದು ಕೂತಿದ್ದೆ, ಅದು ತಡೆತಡೆದು ಬಡಿಯುತ್ತಿತ್ತು. ಇಸಿಜಿ ನೋಡಿದ ಡಾಕ್ಟರು ಇಂಜೆಕ್ಷನ್ ಕೊಟ್ಟು ನೇರ ಡಯಾಲಿಸಿಸ್‌ಗೆ ಹಾಕಿದರು. "ಇನ್ನು ಸ್ವಲ್ಪ ತಡವಾಗಿದ್ದರೆ..." ಎಂದರು.

ಅಕ್ಕ ಉಳಿದಳು. ಆಮೇಲೆ ನೆಂಟರ ಫೋನು ಶುರುವಾಯಿತು. ಪ್ರೀತಿಯಿಂದ ಕೊಟ್ಟದ್ದನ್ನು ನಾನು ವಿಷ ಎಂದೆನಂತೆ, ದೊಡ್ಡಮ್ಮ ಊಟ ಬಿಟ್ಟಿದ್ದಾರಂತೆ. ಕೋಟದ ಮಾವ, "ಹಿರಿಯರ್ ಅಲ್ದಾ, ತಪ್ಪಾಯ್ತ್ ಅಂದ್ರೆ ನಿನ್ ಗಂಟ್ ಎಂತ ಹೋತ್?" ಎಂದರು. ಪ್ರೀತಿಯಿಂದಲೇ ಕೊಟ್ಟರು, ನನಗೂ ಗೊತ್ತು. ಅದಕ್ಕೇ ಸಿಟ್ಟು ಇಳಿಯುತ್ತಿಲ್ಲ. ಪ್ರೀತಿ ಇಲ್ಲದವರು ಕೊಟ್ಟಿದ್ದರೆ ಅಕ್ಕ ಕುಡಿಯುತ್ತಿರಲಿಲ್ಲ.

ಅವಳ ಮೇಲೂ ಸಿಟ್ಟಿತ್ತು. "ಬ್ಯಾಡ ಅನ್ನೂಕೆ ಎಂತ ಆಯಿತ್ ನಿಂಗೆ?" ಎಂದು ವಾರ್ಡಿನಲ್ಲೇ ಕೇಳಿದೆ.

"ರೋಗದವ್ಳಾಯಿ ಹೋಪುಕ್ ಮನ್ಸ್ ಇರ್ಲಿಲ್ಲೆ" ಎಂದಳು. "ನೆಂಟ್ತಿ ಆಯಿ ಹೋಪ ಅಂದೇಳಿ ಇದ್ದಿತ್." ರೋಗಿಯಾಗಿ ಅಲ್ಲ, ನೆಂಟಳಾಗಿ ಹೋಗಬೇಕಿತ್ತು ಅವಳಿಗೆ.

ರಜೆ ಮುಗಿಯುವ ಮೊದಲು ಎಲ್ಲಿಗಾದರೂ ಹೋಗೋಣ ಎಂದು ಮತ್ತೆ ಅವಳೇ ಕೇಳಿದಳು. ಬ್ರಹ್ಮಾವರದಿಂದ ಬೈಂದೂರಿನ ತನಕ ನಮಗೆ ನೆಂಟರಿಲ್ಲದ ಊರಿಲ್ಲ. ಒಂದೊಂದೇ ಮನೆ ನೆನೆದೆವು, ಅಲ್ಲಿ ಯಾರು ಏನು ಕುಡಿಸಬಹುದೆಂದು ಯೋಚಿಸಿ ಒಂದೊಂದನ್ನೇ ಬಿಟ್ಟೆವು. ಕಡೆಗೆ ಚಾಪೆ ಹಿಡಿದು ಕೋಡಿಯ ಕಡಲ ಬದಿಗೆ ಹೋಗಿ, ಗಾಳಿಮರದ ನೆರಳಲ್ಲಿ ಕೂತೆವು. ಖುಷಿಯಾಯಿತು ಎಂದಳು ಅಕ್ಕ. ನನಗಾಗಲಿಲ್ಲ. ಇಷ್ಟು ಜನ ತನ್ನವರಿರುವವಳು ಮರಳಲ್ಲಿ ಚಾಪೆ ಹಾಸಿಕೊಂಡು ರಜೆ ಕಳೆಯಬೇಕಾಯಿತಲ್ಲ ಎಂದು ಹಲ್ಲು ಕಚ್ಚಿಕೊಂಡಿದ್ದೆ. ದೊಡ್ಡಮ್ಮನಿಗೆ ಫೋನ್ ಮಾಡಿಲ್ಲ. ಮಾಡುವುದೂ ಇಲ್ಲ.