ಕಾಫಿ ಕಣದಲ್ಲಿ ಹಾದುಹೋದ ಸೈನ್ಯ

ಅಕ್ಷೋ... ಹಳೆಯ ಕಾವ್ಯದಲ್ಲಿ ಮಹಾಸೈನ್ಯಕ್ಕೊಂದು ಹೆಸರಿದೆ, ಪೂರ್ತಿ ನೆನಪಾಗುತ್ತಿಲ್ಲ ಪುಟ್ಟಿ, ನೀನು ನಾನು ಹೇಳಿದ್ದನ್ನು ಬರೆಯುತ್ತಿರು. ಬಯಲುಸೀಮೆಯಲ್ಲಿ ಹುಟ್ಟಿದ ನಾನು ಬಾಳೂರಿನ ಎಸ್ಟೇಟಿನ ಕಣದಲ್ಲಿ ನಲವತ್ತು ವರ್ಷ ಕಾಫಿ ಒಣಗಿಸಿದವಳು. ಮೊನ್ನೆ ಚಿತ್ರ ಬರೆಯುವ ಹುಡುಗಿಯೊಬ್ಬಳು ಅದೇ ಕಣದಲ್ಲಿ ಆ ಯುದ್ಧಕಾವ್ಯದ ಸಾಲುಗಳನ್ನು ಕಾಫಿ ಬೀಜ, ಗೋಣಿದಾರ, ಬೂದಿಯಿಂದ ಆಳುದ್ದದ ಅಕ್ಷರಗಳಾಗಿ ಹರಡಿದ್ದಳು. ಬಿಸಿಲೇರಿತು. ಬೀಜ ಕಂಡ ನನ್ನ ಕಾಲು ಸುಮ್ಮನಿರಲಿಲ್ಲ. ಒಣಹಾಕಿದ ಬೀಜವನ್ನು ಕಾಲಲ್ಲೇ ತಿರುವುವ ಅಭ್ಯಾಸದಂತೆ ಒಳಗಿಳಿದು, ಕಾಲೆಳೆಯುತ್ತ ಸಾಲುಸಾಲಾಗಿ ತಿರುವಿಬಿಟ್ಟೆ.

“ಎಂತ ಮಾಡಿದ್ರಿ ಮಾರಾಯ್ತಿ, ಮೂರು ದಿನದ ಕೆಲಸ!” ಮೇಸ್ತ್ರಿ ಕೂಗಿದ.

ಹುಡುಗಿ ಏಣಿ ಹತ್ತಿ ನೋಡಿದಳು. “ಅಜ್ಜಿ, ನೀವೂ ಬನ್ನಿ.”

ಮೇಲಿಂದ ಕಂಡೆ: ಅಕ್ಷರಗಳನ್ನು ತುಳಿದು ಇಡೀ ಸೈನ್ಯವೇ ಹಾದುಹೋದಂತಿತ್ತು.

“ಇದು ಹೀಗೇ ಇರ್ಲಿ,” ಎಂದಳು.

ಹಾಂ, ಅಕ್ಷೌಹಿಣಿ! ಬರೆದುಕೋ ಪುಟ್ಟಿ. ಅದಕ್ಕಿದ್ದದ್ದು ನಿನ್ನಜ್ಜಿಯ ಎರಡೇ ಕಾಲು ಅಂತಲೂ ಬರಿ.