ಒಂದು ನೂಲು ಹೆಚ್ಚು

ನಮ್ಮ ಕಡೆಯ ಮರಗೆಲಸದವರು ಅಂಗುಲವನ್ನು ಎಂಟು ಪಾಲು ಮಾಡಿ ಒಂದೊಂದು ಪಾಲಿಗೂ ನೂಲು ಎನ್ನುತ್ತಾರೆ. ಹೆಸರೇ ಹೇಳುವಂತೆ ಅದೇನೂ ದೊಡ್ಡ ಅಳತೆಯಲ್ಲ. ಬಾಗಿಲು ಒಂದು ನೂಲು ಗಿಡ್ಡವಾದರೆ ಅದರ ಸಂದಿನಲ್ಲಿ ಓಡಾಡುವ ಹಲ್ಲಿಗೂ ತಿಳಿಯುವುದಿಲ್ಲ. ಆದರೆ ಈ ಬೇಸಿಗೆಯಲ್ಲಿ ಒಂದೇ ಒಂದು ನೂಲಿನ ದೆಸೆಯಿಂದ ನಾನು ಹನ್ನೊಂದು ದಿನ ಕುದಿದೆ. ಓದುಗರು ಕ್ಷಮಿಸಬೇಕು, ಇದನ್ನು ಬರೆಯುವಾಗಲೂ ಆ ಕುದಿ ಪೂರ್ತಿ ಇಳಿದಿಲ್ಲ.

ನಾನು ಮಾಡಿಸಲು ಹೊರಟದ್ದು ಬಾಗಿಲನ್ನಲ್ಲ, ಎಲೆಕ್ಟ್ರಿಕ್ ಗಿಟಾರನ್ನು. ಪೊನ್ನಂಪೇಟೆಯಲ್ಲಿ ಇತಿಹಾಸ ಪಾಠ ಹೇಳುವ, ನಲವತ್ತೆಂಟು ತುಂಬಿದ ಹೆಂಗಸಿಗೆ ಈ ಚಪಲವೇಕೆಂದು ನೀವು ಕೇಳುವ ಮೊದಲೇ ನನ್ನ ಗಂಡ ಕೇಳಿಯಾಗಿದೆ. ಮೈಸೂರಿನ ಹಾಸ್ಟೆಲಿನಲ್ಲಿದ್ದಾಗ ಗೆಳತಿಯ ಗಿಟಾರನ್ನು ನಾನು ಬಹಳ ಚೆನ್ನಾಗಿ ನುಡಿಸುತ್ತಿದ್ದೆ. ಹಾಗೆಂದು ನನ್ನ ನೆನಪು. ಈ ನೆನಪೆಂಬುದನ್ನು ನಾನು ನಂಬುವುದಿಲ್ಲ. ಅದು ನಮ್ಮ ಪರವಾಗಿ ಮಾತ್ರ ವಾದಿಸುವ ವಕೀಲ. ಅದಕ್ಕೆಂದೇ ದಿನಚರಿ ಬರೆಯುತ್ತೇನೆ.

ಮರ ನನ್ನ ತವರಿನದು. ಶನಿವಾರಸಂತೆಯ ಕಡೆ, ನಮ್ಮ ಹಿತ್ತಲಲ್ಲಿ ಗಾಳಿಗೆ ಬಿದ್ದ ಹಲಸಿನ ಮರವನ್ನು ಕೊಯ್ಯಿಸಿದಾಗ ಬಂದ ಹಲಗೆಗಳಲ್ಲಿ ಮಂಚ, ಮಣೆ, ಅಣ್ಣನ ಮನೆಯ ಕಿಟಕಿ ಎಲ್ಲ ಆಗಿ ಕೊನೆಗೆ ಒಂದು ಉಳಿದಿತ್ತು. ಅದನ್ನು ಅಮ್ಮ ಹದಿನಾಲ್ಕು ವರ್ಷ ಅಟ್ಟದಲ್ಲಿ ಕಾದಿಟ್ಟು, "ಇದು ನಿಂದು ಕಣೆ, ಏನಾದ್ರೂ ಮಾಡಿಸ್ಕೊ" ಎಂದು ಕೊಟ್ಟಿದ್ದಳು. ಹಲಸು ವೀಣೆಗೆ ಆಗುವುದಾದರೆ ಗಿಟಾರಿಗೇಕೆ ಆಗಬಾರದು ಎಂಬುದು ನನ್ನ ತರ್ಕ. ಕೆಟ್ಟರೆ ಇನ್ನೊಂದು ಹಲಗೆ ಇಲ್ಲ.

ಕೆಲಸ ವಹಿಸಿದ್ದು ವಾಸಣ್ಣನಿಗೆ. ಶ್ರೀಮಂಗಲಕ್ಕೆ ಹೋಗುವ ದಾರಿಯಲ್ಲಿ ಶೆಡ್ ಹಾಕಿಕೊಂಡಿರುವ ಈ ಬಡಗಿಗೆ ಮನೆಯಲ್ಲಿ ಮಲಯಾಳ, ಸಿಟ್ಟು ಬಂದರೆ ಕೊಡವ ತಕ್ಕ್, ನನ್ನಂಥವರಿಗೆ ಕನ್ನಡ. ಸುತ್ತಲಿನ ಅರ್ಧ ಮನೆಗಳ ಬಾಗಿಲು ಅವರ ಕೈಯವು. ನಮ್ಮಲ್ಲಿ ಜೂನ್ ಹಿಡಿದರೆ ಮರ ನೀರು ಕುಡಿದು ಉಬ್ಬುತ್ತದೆ. ಬೇಸಿಗೆಯಲ್ಲಿ ಬಿಗಿಯಾಗಿ ಕೂರಿಸಿದ ಬಾಗಿಲನ್ನು ಜುಲೈನಲ್ಲಿ ಭುಜ ಕೊಟ್ಟು ತೆರೆಯಬೇಕು. ಆದ್ದರಿಂದ ಇಲ್ಲಿಯ ಬಡಗಿಗಳು "ಮಳೆಗಾಲಕ್ಕೆ" ಎಂದು ಒಂದು ನೂಲು ಜಾಗ ಬಿಟ್ಟೇ ಕೆಲಸ ಮಾಡುತ್ತಾರೆ. ಆ ಅಭ್ಯಾಸ ಅವರ ಉಳಿಯಲ್ಲೇ ಇರುತ್ತದೆ.

ಗಿಟಾರಿನ ಸಂಗತಿ ಬೇರೆ. ಅದರ ತಂತಿಗಳ ಕೆಳಗೆ ಪಿಕಪ್ ಎಂಬ, ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ, ಅಯಸ್ಕಾಂತದ ಪೆಟ್ಟಿಗೆ ಕೂರುತ್ತದೆ. ತಂತಿಯ ಅದುರನ್ನು ವಿದ್ಯುತ್ತಿಗೆ ತಿರುಗಿಸುವುದು ಅದೇ. ಅದಕ್ಕೆ ಮರದಲ್ಲಿ ಗುಂಡಿ ತೋಡಬೇಕು. ಮೊದಲು ಪ್ಲೈವುಡ್ಡಿನಲ್ಲಿ ಅಚ್ಚು ಕತ್ತರಿಸಿ ಹಲಗೆಯ ಮೇಲೆ ಬಿಗಿದರೆ, ರೂಟರ್ ಯಂತ್ರದ ಅಲಗು ಆ ಅಚ್ಚಿನ ಅಂಚನ್ನು ಹಿಡಿದುಕೊಂಡು ಸುತ್ತುತ್ತ ಮರವನ್ನು ಕೆರೆದು ತೆಗೆಯುತ್ತದೆ. ಅಚ್ಚು ಸರಿಯಿದ್ದರೆ ಗುಂಡಿ ಸರಿ. ಅಚ್ಚು ತಪ್ಪಿದರೆ ಯಂತ್ರ ಅದೇ ತಪ್ಪನ್ನು ಬಲು ನಿಷ್ಠೆಯಿಂದ ಮರಕ್ಕೆ ಇಳಿಸುತ್ತದೆ. ಪಿಕಪ್ಪಿನ ಗುಂಡಿಗೂ ಗಿಟಾರಿನ ಕತ್ತು ಕೂರುವ ಗುಂಡಿಗೂ ನಡುವೆ ಎರಡೇ ನೂಲಿನ ಒಂದು ಗೋಡೆ ಉಳಿಯಬೇಕು. ತಂತಿ ಬಿಗಿದಾಗ ಕತ್ತಿಗೆ ಆನಿಕೆ ಅದೇ.

ನಾನು ಹೋಗಿ ನೋಡಿದಾಗ ಗೋಡೆಯ ಅರ್ಧ ಚಕ್ಕೆಯೆದ್ದು ನೆಲದ ಮೇಲಿತ್ತು. ಗುಂಡಿ ನಾಲ್ಕೂ ಕಡೆ ಒಂದೊಂದು ನೂಲು ದೊಡ್ಡದು. ಉಳಿದ ಮೂರು ಕಡೆಯದನ್ನು ಪಿಕಪ್ಪಿನ ಪ್ಲಾಸ್ಟಿಕ್ ಚೌಕಟ್ಟು ಮುಚ್ಚುತ್ತಿತ್ತು. ಗೋಡೆಯನ್ನು ಏನೂ ಮುಚ್ಚುವಂತಿರಲಿಲ್ಲ.

"ಏನ್ರೀ ಇದು ವಾಸಣ್ಣ?"

"ಮಳೆಗಾಲಕ್ಕೆ ಬಿಟ್ಟದ್ದು ಟೀಚರೇ. ಮರ ಉಬ್ತದಲ್ಲ?"

"ಬಾಗಿಲು ಉಬ್ಬಿದ್ರೆ ಚೌಕಟ್ಟಿಗೆ ತಾಗುತ್ತೆ. ಗುಂಡಿ ಯಾವುದಕ್ರೀ ತಾಗುತ್ತೆ? ಮರ ಹಿಗ್ಗಿದ್ರೆ ಗುಂಡಿನೂ ಹಿಗ್ಗುತ್ತೆ!"

"ಮಳೆ ಬರ್ಲಿ, ಆಮೇಲೆ ನೋಡುವ."

ಆ ಶಾಂತಿಯೇ ನನ್ನನ್ನು ಕೆರಳಿಸಿತು. ಕಿಟಕಿ ಮಾಡಿಸಲು ಬಂದು ಕೂತಿದ್ದ ಇಬ್ಬರ ಎದುರಿಗೆ, ಸ್ಕೇಲು ಹಿಡಿಯಲು ನಾಲ್ಕನೇ ಕ್ಲಾಸಿನ ಮಕ್ಕಳಿಗೂ ಬರುತ್ತದೆ, ಗೆರೆಯಷ್ಟೇ ತೋಡಿ ಎಂದು ನಾನು ಬೆರಳಿಟ್ಟು ತೋರಿಸಿದ್ದೆನಲ್ಲ ಎಂದು ಕೂಗಿ, ಹಲಗೆಯನ್ನು ಅಲ್ಲೇ ಬಿಟ್ಟು ಬಂದೆ. ಮನೆ ತಲುಪುವವರೆಗೂ ನಕ್ಷೆ ತೋರಿಸಿದ ಆ ದೃಶ್ಯ ಕಣ್ಣಿಗೆ ಕಟ್ಟಿದಂತಿತ್ತು: ನೀಲಿ ಅಂಗಿ ತೊಟ್ಟ ವಾಸಣ್ಣ, ಕಾಗದದ ನಕ್ಷೆ, ಅದರ ಗೆರೆಯ ಮೇಲೆ ನನ್ನ ಬೆರಳು, ಅವರು ತಲೆಯಾಡಿಸಿದ್ದು.

ಹನ್ನೊಂದು ದಿನ ಸಾಂಬಾರಿಗೆ ಉಪ್ಪು ಹೆಚ್ಚಾಗುತ್ತಿತ್ತು. "ಹಿಸ್ಟರಿ ಮೇಡಂ, ಅಷ್ಟು ಖಾತ್ರಿ ಇದ್ರೆ ದಾಖಲೆ ತೆಗೀರಿ, ನಾವೂ ಊಟ ಮಾಡ್ತೀವಿ" ಎಂದ ನನ್ನ ಗಂಡ. ಅವನ ಮುಖಕ್ಕೆ ಹಿಡಿಯುವ ಉತ್ಸಾಹದಲ್ಲಿ ದಿನಚರಿ ತೆಗೆದೆ. ಬೆರಳೂ ಇಲ್ಲ, ನೀಲಿ ಅಂಗಿಯೂ ಇಲ್ಲ. ಇದ್ದದ್ದು ಇಷ್ಟು: "ಉತ್ತರಪತ್ರಿಕೆ ಮುಗಿಯುತ್ತಿಲ್ಲ. ಮಧ್ಯೆ ವಾಸಣ್ಣನ ಫೋನು. ಮಳೆಗಾಲಕ್ಕೆ ಜಾಗ ಬಿಡಬೇಕಾ ಎಂದರು. ಯಾವಾಗಲೂ ಮಾಡುವ ಹಾಗೆ ಮಾಡಿ ಅಂದೆ."

ಇತಿಹಾಸದವಳಾದ್ದರಿಂದ ಮೊದಲು ಆಕರವನ್ನೇ ಸಂಶಯಿಸಿದೆ. ಅಕ್ಷರ ನನ್ನದೇ. ಹಾಳೆ ಹರಿದುಬಿಡೋಣವೆಂದೂ ಒಂದು ಕ್ಷಣ ಅನ್ನಿಸಿತು. ರಾಜರು ಶಾಸನಗಳನ್ನು ಕೆತ್ತಿ ಅಳಿಸುತ್ತಿದ್ದುದರ ಮರ್ಮ ಆಗ ಅರ್ಥವಾಯಿತು. ಆ ಬೆರಳು, ಆ ನೀಲಿ ಅಂಗಿ ಎಲ್ಲಿಂದ ಬಂದವು? ನನ್ನ ಸಿಟ್ಟು ತನಗೆ ಬೇಕಾದ ಸಾಕ್ಷಿಯನ್ನು ತಾನೇ ತಯಾರಿಸಿಕೊಂಡಿತ್ತು. ಮಳೆಗಾಲಕ್ಕೆಂದು ಪ್ರತಿ ಬಾಗಿಲಿಗೂ ಜಾಗ ಬಿಡುವ ಸೀಮೆಯಲ್ಲಿದ್ದೂ ನಾನು ನನ್ನ ಸರಿಯನ್ನು ಗಾಳಿಯಾಡದಷ್ಟು ಬಿಗಿಯಾಗಿ ಕೂರಿಸಿಕೊಂಡಿದ್ದೆ. ಇದನ್ನು ಒಪ್ಪಿಕೊಂಡರೆ ಸಿಟ್ಟು ಇಳಿಯುತ್ತದೆಂದು ಹೇಳುವವರಿದ್ದಾರೆ. ಸುಳ್ಳು. ಅದು ದಿಕ್ಕು ಬದಲಿಸಿತು, ಅಷ್ಟೇ.

ಮರುದಿನವೇ ಶೆಡ್ಡಿಗೆ ಹೋದೆ.

"ಫೋನಲ್ಲಿ ಹಾಗೆ ಹೇಳಿದ್ದು ನಾನೇ, ವಾಸಣ್ಣ."

"ಅದು ನನಗೆ ಗೊತ್ತುಂಟು."

"ಮತ್ತೆ ಅವತ್ತೇ ಹೇಳ್ಬಾರ್ದಿತ್ತಾ?"

"ನೀವು ನಡುವಲ್ಲಿ ಉಸಿರು ತೆಗೆದ್ರೆ ಅಲ್ವಾ ಹೇಳೋದು?"

ಹಲಗೆ ಅಲ್ಲೇ ಮೇಜಿನ ಮೇಲಿತ್ತು. ಅಂಚಿನಿಂದ ಕೊಯ್ದು ಉಳಿದಿದ್ದ ಅದೇ ಹಲಸಿನ ತುಂಡನ್ನು ಎಳೆಗೆ ಎಳೆ ಹೊಂದಿಸಿ, ಮುರಿದ ಗೋಡೆಯ ಜಾಗಕ್ಕೆ ಅಂಟಿಸಿ, ಅವರಾಗಲೇ ಕ್ಲಾಂಪು ಹಾಕಿ ಬಿಗಿದಿಟ್ಟಿದ್ದರು. ಕೇಳದೆಯೇ ಮಾಡಿದ್ದಾರೆಂದು ಸಂತೋಷವಾಗಬೇಕಿತ್ತು. ನನ್ನ ಕ್ಷಮಾಪಣೆಗೆ ಕಾಯಲಿಲ್ಲವಲ್ಲ ಎಂದು ರೇಗಿತು. ಹೊಸ ಗೆರೆ ಎಳೆಯಲು ಪೆನ್ಸಿಲನ್ನು ನನ್ನ ಕೈಗೇ ಕೊಟ್ಟರು. ಉಸಿರು ಬಿಗಿಹಿಡಿದು ಎಳೆದೆ.

"ಈಗ ಹೇಳಿ. ಗೆರೆ ತೆಗೀಬೇಕಾ, ಉಳಿಸ್ಬೇಕಾ?"

ಗೆರೆಗೂ ಅಗಲವಿರುತ್ತದೆಂದು ನಾನೆಂದೂ ಯೋಚಿಸಿರಲಿಲ್ಲ. ತಡವರಿಸಿ, "ಉಳಿಸಿ" ಎಂದೆ.

"ಬರೆದು ಸೈನ್ ಹಾಕಿ."

ತಮಾಷೆಯಲ್ಲ. ಕತ್ತು ಕೂತ ಮೇಲೆ ಮುಚ್ಚಿಹೋಗುವ ಗುಂಡಿಯ ತಳವನ್ನು ತೋರಿಸಿದರು. "ಗೆರೆ ಉಳಿಸುವುದು" ಎಂದು ಬರೆದು, ಹಲ್ಲು ಕಚ್ಚಿಕೊಂಡು ಸಹಿ ಮಾಡಿದೆ. ಅವರು ಗೆರೆಗೆ ಹೊಂದಿಸಿ ಹೊಸ ಅಚ್ಚು ಬಿಗಿದರು. ಯಂತ್ರ ಕಿರುಚಿತು. ಅದು ನಿಂತು, ವಾಸಣ್ಣ ಹೊಟ್ಟು ಊದಿದಾಗ, ಗೋಡೆ ನಿಂತಿತ್ತು. ಅದರ ಅಂಚಿನುದ್ದಕ್ಕೂ ನನ್ನ ಗೆರೆ ಇಡಿಯಾಗಿ ಉಳಿದಿತ್ತು.

"ಮಳೆಗಾಲಕ್ಕೆ?" ಎಂದೆ, ತಡೆಯಲಾರದೆ.

"ಈ ಸಲ ಬಿಡಲಿಲ್ಲ. ಏನಾದ್ರೂ ಆದ್ರೆ ನಿಮ್ಮ ಸೈನ್ ಉಂಟಲ್ಲ."

ನನಗೆ ಮತ್ತೆ ಸಿಟ್ಟು ಬಂತು.